ಬೇಡದ ಫೂಟೇಜು

ನಮ್ಮ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿಯುವವರು ಇಬ್ಬರು: ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ. ಹಿಡಿದು ತಂದದ್ದನ್ನೆಲ್ಲ ಕತ್ತರಿಸಿ, ಜೋಡಿಸಿ, ಕಾಪಾಡಿ ಇಡುವವಳು ನಾನೊಬ್ಬಳು. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಪೇಟೆ. ಬಸ್ಸಿಳಿದು ತಲೆಯೆತ್ತಿದರೆ ನಮ್ಮ ಬೋರ್ಡು ಕಾಣುತ್ತದೆ. ಸುತ್ತಲಿನ ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲವೂ ಕೊನೆಗೆ ಬಂದು ಬೀಳುವುದು ನನ್ನ ಮೇಜಿನ ಮೇಲೆ. ಬೋರ್ಡಿನಲ್ಲಿ ಅಣ್ಣತಮ್ಮಂದಿರ ಹೆಸರಿದೆ, ನನ್ನದಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಮೊದಲೆಲ್ಲ ಒಂದು ಮದುವೆ ಒಂದೆರಡು ಡಿವಿಡಿಯಲ್ಲಿ ಮುಗಿಯುತ್ತಿತ್ತು. ಆಮೇಲೆ ಭಾವ ಹೊಸ ಕ್ಯಾಮೆರಾ ತಂದರು. ಮರುವರ್ಷ ಡ್ರೋನ್ ತಂದರು. ಮದುಮಕ್ಕಳು ಕಾಫಿ ಗಿಡಗಳ ನಡುವೆ ಕೈ ಹಿಡಿದು ನಿಧಾನವಾಗಿ ಓಡುವುದು ಶುರುವಾಯಿತು. ಒಂದೊಂದು ಮದುವೆಯೂ ಅರ್ಧ ಹಾರ್ಡ್ ಡಿಸ್ಕನ್ನು ನುಂಗಿ ನೀರು ಕುಡಿಯತೊಡಗಿತು. ತರುವವರಿಗೆ ಏನು, ಕಾರ್ಡು ಮೇಜಿನ ಮೇಲಿಟ್ಟು ಊಟಕ್ಕೆ ಹೋಗುತ್ತಾರೆ. ಇಡಲು ಜಾಗ ಎಲ್ಲಿ ಎಂದು ತಲೆ ಕೆಡಿಸಿಕೊಳ್ಳುವವಳು ನಾನು.

ಜಾಗಕ್ಕಿಂತ ಮೊದಲು ಕಾಡಿದ್ದು ತೇವ. ನಮ್ಮ ಕಡೆ ಮಳೆಗಾಲದಲ್ಲಿ ಒಣಗಬೇಕಾದದ್ದು ಏನಿದ್ದರೂ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ: ಬೀಜದ ಭತ್ತ, ಏಲಕ್ಕಿ, ಹಸಿ ಸೌದೆ, ಮಕ್ಕಳ ಒದ್ದೆ ಶಾಲೆ ಚೀಲ. ಒಂದು ವರ್ಷ ಲೆನ್ಸಿಗೂ ಬೂಷ್ಟು ಹಿಡಿಯಿತೆಂದು ಹೆದರಿ, ನನ್ನ ಗಂಡ ಹಾರ್ಡ್ ಡಿಸ್ಕುಗಳನ್ನು ಮೈಯೊರೆಸುವ ಬೈರಾಸಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿಬಿಟ್ಟರು. ಭಾವ ಭೇಷ್ ಎಂದರು. ನಾನು ತವರಿನಿಂದ ಹಿಂತಿರುಗುವಷ್ಟರಲ್ಲಿ ಒಂದು ಡಿಸ್ಕು ಹೊಗೆ ತಿಂದು, ಬಿಸಿ ತಿಂದು, ಕಟಕಟ ಹಲ್ಲು ಕಡಿಯುತ್ತಿತ್ತು. ಅದರಲ್ಲಿದ್ದ ಮದುವೆಗಳು ಅದೃಷ್ಟಕ್ಕೆ ಕಂಪ್ಯೂಟರಿನಲ್ಲಿ ಇನ್ನೂ ಅಳಿಸದೆ ಉಳಿದಿದ್ದವು, ಮರ್ಯಾದೆ ಉಳಿಯಿತು. ಏಲಕ್ಕಿಗೆ ಆಗುವುದು ಇದಕ್ಕೆ ಯಾಕೆ ಆಗುವುದಿಲ್ಲ ಎಂದು ಅಣ್ಣತಮ್ಮಂದಿರಿಬ್ಬರೂ ನನ್ನನ್ನೇ ಕೇಳಿದರು.

ಅಂದಿನಿಂದ ಡಿಸ್ಕುಗಳನ್ನು ಯಾರೂ ಮುಟ್ಟಕೂಡದು ಎಂದೆ. ಪ್ರತಿಯೊಂದಕ್ಕೂ ಎರಡು ಪ್ರತಿ ಮಾಡಿದೆ. ಒಂದು ಅಂಗಡಿಯಲ್ಲಿ, ಗಾಳಿಯಾಡದ ಡಬ್ಬಿಯೊಳಗೆ, ತೇವ ಹೀರುವ ಪುಟ್ಟ ಪೊಟ್ಟಣಗಳ ಜೊತೆ. ಇನ್ನೊಂದು ಹಾರಂಗಿ ಕಡೆಯ ನನ್ನ ತವರಿನಲ್ಲಿ. ಅಲ್ಲಿ ಮಳೆ ನಮ್ಮಷ್ಟು ಇಲ್ಲ, ಗೋಡೆ ಬೆವರುವುದಿಲ್ಲ. ಹೋದಾಗಲೆಲ್ಲ ಹೊರತೆಗೆದು ಓಡಿಸಿ ನೋಡಿ ಮತ್ತೆ ಮುಚ್ಚಿಡುತ್ತೇನೆ. ಗಂಡನ ಮನೆಯ ಒಡವೆಯನ್ನೆಲ್ಲ ತವರಿಗೆ ಸಾಗಿಸುತ್ತಿದ್ದಾಳೆ ಎಂದು ಭಾವ ಊರಿಡೀ ತಮಾಷೆ ಮಾಡಿದರು. ಮಾಡಲಿ. ಆಮೇಲೆ ಒಂದು ಡಿಸ್ಕೂ ಸಾಯಲಿಲ್ಲ.

ಇದೇ ಸಮಯದಲ್ಲಿ ಮೈಸೂರಿನಿಂದ ಇಸ್ತ್ರಿ ಅಂಗಿಯ ಒಬ್ಬರು ಬಂದರು. ಎಲ್ಲವನ್ನೂ ಕ್ಲೌಡಿಗೆ ಹಾಕಿ ಮೇಡಂ, ತಿಂಗಳಿಗೆ ಇಷ್ಟು ಕಟ್ಟಿದರೆ ನಿಶ್ಚಿಂತೆ ಎಂದರು. ಆಟಿ ತಿಂಗಳ ಮಳೆಗೆ ಮರ ಬಿದ್ದು ವಾರಗಟ್ಟಲೆ ಕರೆಂಟು ಹೋಗುತ್ತದೆ, ಆಗ ಇದು ಮೇಲೆ ಹೋಗುವುದು ಹೇಗೆ ಎಂದು ಕೇಳಿದೆ. ಜನರೇಟರ್ ಇಟ್ಟುಕೊಳ್ಳಿ ಎಂದರು. ಒಂದು ವರ್ಷ ಬಾಡಿಗೆ ಕಟ್ಟಲಾಗದಿದ್ದರೆ ಎಂದು ಕೇಳಿದೆ. ಸ್ವಲ್ಪ ದಿನ ಕಾದು ತೆಗೆದುಹಾಕುತ್ತಾರೆ ಎಂದು ಮೆಲ್ಲಗೆ ಹೇಳಿದರು. ಊರಿನ ಮದುವೆಗಳಿಗೆಲ್ಲ ನಾವು ಬಾಡಿಗೆ ಕಟ್ಟುತ್ತ ಕೂರುವುದೇ? ಕೊನೆಗೆ ಎಲ್ಲಕ್ಕಿಂತ ಸಣ್ಣ ಪ್ಲ್ಯಾನ್ ತೆಗೆದುಕೊಂಡೆ. ಕತ್ತರಿಸಿ ಮುಗಿಸಿದ ಸಿನಿಮಾ ಮಾತ್ರ ಅಲ್ಲಿಗೆ ಹೋಗುತ್ತದೆ, ಅದೂ ನೆಟ್ ಮನಸ್ಸು ಮಾಡಿದ ದಿನ. ಕಾಫಿ ಕುಡಿದು ಹೋದ ಅವರು ಮತ್ತೆ ಫೋನ್ ಮಾಡಲಿಲ್ಲ.

ಉಳಿದದ್ದು ಕತ್ತರಿಸಿ ಬಿಟ್ಟ ರಾಶಿ. ಭಾವ ಅದಕ್ಕೆ ವೇಸ್ಟ್ ಎಂಬ ಹೆಸರಿನ ಫೋಲ್ಡರನ್ನೇ ಮಾಡಿದ್ದರು. ಮದುಮಗಳು ಸೀರೆ ಬದಲಿಸಲು ಹೋದಾಗ ಸುಮ್ಮನೆ ಓಡಿದ ಕ್ಯಾಮೆರಾ, ಊಟದ ಪಂಕ್ತಿ, ಗೋಡೆಗೆ ಒರಗಿ ಎಲೆಯಡಿಕೆ ಹಾಕುವ ಅಜ್ಜಂದಿರು, ಅಡುಗೆಯ ಚಪ್ಪರ, ವಾಲಗದವರು ಚಹಾ ಕುಡಿಯುವುದು. ಯಾವ ಮದುಮಗಳೂ ಇದನ್ನು ಕೇಳುವುದಿಲ್ಲ. ಆದರೆ ಬೇರೆಯವರು ಕೇಳಿಕೊಂಡು ಬರುತ್ತಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡು, ಹಿರಿಯರಿಗೆ ಬಡಿಸುವ ದಿನ ಹತ್ತಿರ ಬಂದಾಗ ಫೋಟೋದ ನೆನಪಾಗುತ್ತದೆ. ಹುಡುಕಿದರೆ ಮನೆಯಲ್ಲಿರುವುದು ಕಣ್ಣು ಬಿಟ್ಟುಕೊಂಡ ಆಧಾರ್ ಕಾರ್ಡಿನ ಚಿತ್ರ ಒಂದೇ. ನಮ್ಮ ಕಡೆಯ ಹಳಬರು ತಮ್ಮ ಫೋಟೋಕ್ಕೆಂದು ಯಾವತ್ತೂ ಸ್ಟುಡಿಯೋ ಹತ್ತಿದವರಲ್ಲ. ಅವರು ಸಿಗುವುದು ಇನ್ನೊಬ್ಬರ ಮದುವೆಯಲ್ಲಿ ಮಾತ್ರ. ಅಂಥವರನ್ನು ನಾನು ಆ ರಾಶಿಯಿಂದಲೇ ಹೆಕ್ಕಿ ಕೊಡುತ್ತೇನೆ.

ಕಳೆದ ಸೀಸನ್ನಿಗೆ ಮುಂಚೆ ಭಾವ ಹುಕುಂ ಹೊರಡಿಸಿದರು. ಹೊಸ ಡಿಸ್ಕು ತರುವುದಿಲ್ಲ, ಭಾನುವಾರದ ಮದುವೆಗೆ ಜಾಗ ಬೇಕು, ವೇಸ್ಟ್ ಎಲ್ಲ ಒರೆಸಿಬಿಡು, ತವರಿನಲ್ಲಿರುವುದನ್ನೂ ತಂದು ಒರೆಸು. ನನ್ನ ಗಂಡ ಬ್ಯಾಟರಿ ಚಾರ್ಜಿಗೆ ಹಾಕುವ ನೆಪದಲ್ಲಿ ಗೋಡೆಗೆ ಮುಖ ಮಾಡಿದರು.

ಜಾಗ ತಾನೇ ಬೇಕಿದ್ದುದು? ಒಂದು ಇಡೀ ದಿನ ಕೂತು ಜಾಗ ಮಾಡಿದೆ. ಒಂದೇ ಗುಡ್ಡ, ಅದೇ ತೋಟ, ಅದೇ ಹಂಚಿನ ಮನೆಯ ಮಾಡು, ಗಂಟೆಗಟ್ಟಲೆ ಮೇಲಿನಿಂದ ತೆಗೆದದ್ದು. ಸಿನಿಮಾಕ್ಕೆ ಬಳಸಿದ ತುಣುಕು ಇಟ್ಟುಕೊಂಡು ಉಳಿದ ಡ್ರೋನ್ ಎಲ್ಲ ಒರೆಸಿದೆ. ನಿಧಾನ ಓಟಗಳ ಏಳೆಂಟು ಸಲದ ಮರುಓಟ ಒರೆಸಿದೆ. ಒಂದೇ ನಗುವಿನ ಹತ್ತು ಹದಿನೈದು ಪ್ರತಿ ಒರೆಸಿದೆ. ಎರಡು ಡಿಸ್ಕು ಖಾಲಿ ಆದವು. ಅಜ್ಜಂದಿರು ಒಬ್ಬರೂ ಕದಲಲಿಲ್ಲ. ಆ ದಿನ ನನಗಾದ ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಗೊತ್ತಾದಾಗ ಭಾವನ ಮುಖ ಕೆಂಪಾಯಿತು.

“ನಿಂಗೆ ಮಂಡೆ ಸಮ ಉಟ್ಟಾ?” ಎಂದು ಅರೆಭಾಷೆಯಲ್ಲಿ ರೇಗಿದರು, ತಲೆ ನೆಟ್ಟಗಿದೆಯಾ ಎಂದು. ಡ್ರೋನ್ ಒರೆಸಿ ಪಾತ್ರೆ ತೊಳೆಯುವವರನ್ನು ಇಟ್ಟುಕೊಂಡವಳನ್ನು ಎಲ್ಲೂ ಕಂಡಿಲ್ಲ, ಇದು ಸ್ಟುಡಿಯೋವೋ ಛತ್ರವೋ ಎಂದರು. ಅಂಗಡಿ ಯಾರದ್ದು ಎಂದೂ ಕೇಳಿದರು. ಕೆಲಸ ಯಾರದ್ದು ಎಂದು ನಾನೂ ಕೇಳಿದೆ. ಅವರು ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು; ವೇಸ್ಟನ್ನು ತಾನೇ ಈಗಲೇ ಒರೆಸುತ್ತೇನೆ, ತವರಿನ ಡಬ್ಬಿಯನ್ನು ಸಂಜೆ ತಮ್ಮನೇ ಹೋಗಿ ತರುತ್ತಾನೆ ಎಂದರು. ನಾನು ಕುರ್ಚಿಯ ಬೆನ್ನು ಹಿಡಿದೆ. ಎಳೆದು ಏಳಿಸುವ ಮನಸ್ಸಾಗಿತ್ತು.

ಆಗ ಬಾಗಿಲಲ್ಲಿ ಒಬ್ಬಳು ಹೆಂಗಸು ಬಂದು ನಿಂತಳು. ಮದುವೆಯ ಅಡುಗೆ ತಂಡದಲ್ಲಿ ಕೆಲಸ ಮಾಡುವವಳು, ನನಗೆ ಮುಖಪರಿಚಯ. ಪಾಲಿಬೆಟ್ಟ ಕಡೆಯ ಎಸ್ಟೇಟಿನ ಕೂಲಿಕಾರರ ಲೈನುಮನೆಯಲ್ಲಿ ಹುಟ್ಟಿ ಬೆಳೆದವಳು, ಈಗ ನಮ್ಮ ಪೇಟೆಯಲ್ಲೇ ಇದ್ದಾಳೆ. ಅವಳ ತಾಯಿಯೂ ಅದೇ ತಂಡದಲ್ಲಿ ದೊಡ್ಡ ಪಾತ್ರೆ ತೊಳೆಯುತ್ತಿದ್ದವರು. ಮಳೆಗಾಲದಲ್ಲಿ ತೀರಿಕೊಂಡರಂತೆ. ಒಂದೂ ಫೋಟೋ ಇಲ್ಲ, ನಮ್ಮಲ್ಲಿ ಸಿಗಬಹುದು ಎಂದು ಯಾರೋ ಹೇಳಿದರಂತೆ. ತಾಯಿ ಬಂದಿದ್ದ ಒಂದು ಮದುವೆಯ ಮನೆಯನ್ನು ಹೇಳಿದಳು. ಏಳಿ ಭಾವ ಎಂದೆ. ಗಿರಾಕಿಯ ಮುಂದೆ ಜಗಳ ಬೇಡವೆಂದೋ ಏನೋ, ಎದ್ದು ಬದಿಗೆ ನಿಂತರು.

ಆ ಮದುವೆಯ ವೇಸ್ಟ್ ತೆರೆದು ಓಡಿಸಿದೆ. ಚಪ್ಪರದ ಹಿಂದೆ ನಲ್ಲಿ, ನಲ್ಲಿಯ ಕೆಳಗೆ ಮಗು ಕೂರಿಸಬಹುದಾದಷ್ಟು ದೊಡ್ಡ ಪಾತ್ರೆ, ಅದರೊಳಗೆ ಬಗ್ಗಿದ ಬೆನ್ನು. ಕ್ಯಾಮೆರಾ ಹತ್ತಿರ ಹೋದಂತೆ ಆ ಹೆಂಗಸು ತಿರುಗಿದರು. ಮುಖ ಕಾಣುವ ಮೊದಲೇ ಸೋಪಿನ ನೊರೆಯ ಕೈ ಲೆನ್ಸಿಗೆ ಅಡ್ಡ ಬಂತು. ಕೈಯ ಹಿಂದಿನಿಂದ ನಗುವ ದನಿ ಕೇಳಿತು.

“ಹೋಗು ಆಚೆ, ಮದುಮಗಳನ್ನು ತೆಗಿ. ನನ್ನ ಮೋರೆ ತೆಗ್ದು ಎಂತ ಮಾಡ್ತೀಯ ಮಾರಾಯ?”

ಕ್ಯಾಮೆರಾದ ಈಚೆಯಿಂದ ನಕ್ಕದ್ದು ಭಾವನ ದನಿ. ಅಷ್ಟೇ ಇದ್ದದ್ದು. ಮುಂದೆ ಹೂವಿನ ಕಮಾನು ಬಂತು.

ಮುಖವೇ ಇಲ್ಲವಲ್ಲ! ಹಿಂದೆ ಮುಂದೆ ಓಡಿಸಿದೆ, ಕೆನ್ನೆಯ ಅಂಚು ಬಿಟ್ಟು ಏನೂ ಸಿಗಲಿಲ್ಲ. ಕ್ಷಮಿಸು ಎನ್ನಲು ತಿರುಗಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಮತ್ತೆ ಹಾಕುವಂತೆ ಸನ್ನೆ ಮಾಡುತ್ತಿದ್ದಳು. ಮತ್ತೆ ಹಾಕಿದೆ. ಆ ಬೈಗುಳ ಅಂಗಡಿಯೊಳಗೆ ಇನ್ನೊಮ್ಮೆ ಕೇಳಿತು, ಮತ್ತೊಮ್ಮೆ ಕೇಳಿತು. ಅವಳು ಅಳುತ್ತಲೇ ನಗುತ್ತಿದ್ದಳು.

ಅದನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಕಿವಿಗೆ ಹಿಡಿದು ಕೇಳಿ ನೋಡಿದಳು. ಆಮೇಲೆ ಸಂಕೋಚದಿಂದ, ನನ್ನನ್ನಲ್ಲ, ನನ್ನ ಹಿಂದಿದ್ದ ಡಬ್ಬಿಗಳನ್ನು ನೋಡುತ್ತ ಕೇಳಿದಳು.

“ಇನ್ನೂ ಉಂಟಾ ಅಕ್ಕ? ಅಮ್ಮ ಎಲ್ಲಾ ಮದುವೆಗೂ ಹೋಗ್ತಿದ್ರು.”

ನಾನು ಕುರ್ಚಿಯಿಂದ ಎದ್ದೆ. ಮೌಸನ್ನು ಭಾವನ ಕಡೆಗೆ ಸರಿಸಿದೆ.

“ಒರೆಸುವುದಿದ್ದರೆ ಒರೆಸಿ ಭಾವ,” ಎಂದೆ. “ಇವಳ ಎದುರಲ್ಲೇ ಒರೆಸಿ.”

ಭಾವ ಮೌಸ್ ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನಾನು ಅವಳಿಗೆ ಅವರ ಕುರ್ಚಿ ಕೊಟ್ಟು, ಮುಂದಿನ ಮದುವೆ ತೆರೆದೆ.