ಸೋಮವಾರದ ಮೊದಲ ಪೀಸು

ಅವರ ಬಲಗೈಯಲ್ಲಿ ಉಳಿದಿದ್ದವು ಹೆಬ್ಬೆರಳು, ಕಿರುಬೆರಳು ಎರಡೇ. ಆ ಎರಡರ ನಡುವೆ ವೀಳ್ಯದೆಲೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಸುಣ್ಣ ಸವರಿ, ತೊಟ್ಟು ಮುರಿದು ಬಾಯಿಗಿಡುತ್ತಿದ್ದರು. ನೋಡಿದವರು ಹುಟ್ಟಿನಿಂದಲೇ ಹಾಗಿರಬೇಕು ಅಂದುಕೊಳ್ಳುತ್ತಿದ್ದರು. ಹುಟ್ಟಿನಿಂದ ಬಂದದ್ದಲ್ಲ. ಮಧ್ಯದ ಮೂರು ಬೆರಳು ಹೋಗಿದ್ದು ತೊಂಬತ್ತರ ದಶಕದ ಒಂದು ಸೋಮವಾರ ಬೆಳಿಗ್ಗೆ, ನನ್ನ ಮಾತು ಕೇಳಿದ್ದಕ್ಕೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪೇಂಟ್ ಡಬ್ಬಗಳಿಗೆ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆ ನಮ್ಮದು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು. ಅಷ್ಟರಿಂದಲೇ ಸೂಪರ್‌ವೈಸರ್ ಆಗಿದ್ದೆ. ಅವರು ನನಗಿಂತ ಎಂಟು ವರ್ಷ ದೊಡ್ಡವರು, ತಗಡು ಒತ್ತುವ ಪ್ರೆಸ್ಸಿನ ಆಪರೇಟರ್. ನಾವೆಲ್ಲ ಪ್ರೆಸ್ ಅಣ್ಣ ಅನ್ನುತ್ತಿದ್ದೆವು. ಊರು ತಿ. ನರಸೀಪುರದ ಹತ್ತಿರ. ನಂಜನಗೂಡಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು.

ಪೆಡಲ್ ತುಳಿಯುವ ಮೊದಲು ಮಿಷಿನ್ನಿನ ಮೈ ತಟ್ಟಿ, "ನೋಡ್ಕಂಡು ಕಣವ್ವ" ಅನ್ನುವುದು ಅವರ ರೂಢಿ. ಕವಲಂದೆಯ ಫಿಟ್ಟರ್ ಒಬ್ಬ ಇದ್ದ, ದಿನಾ ಕೆಣಕುವನು: "ಏನಣ್ಣ, ಮಿಷಿನ್ ಜೊತೆ ಇಷ್ಟು ನಯವಾಗಿ ಮಾತಾಡ್ತೀಯ, ಮನೇಲಿ ಅತ್ತಿಗೆ ಜೊತೇಲೂ ಇಂಗೇನಾ?"

"ಅವಳು ತಿರುಗ್ಸಿ ಮಾತಾಡ್ತಾಳೆ ಕಣ್ಲಾ. ಇದು ಆಡಾಕಿಲ್ಲ."

ಆ ವರ್ಷ ಆಯುಧಪೂಜೆಗೆ ಮಿಷಿನ್ನುಗಳನ್ನೆಲ್ಲ ತೊಳೆದು ಬಣ್ಣ ಹೊಡೆಸಿದ್ದೆವು. ಪ್ರೆಸ್ಸಿನ ಬಾಯಿಗೆ ಕೈ ಹೋಗದಂತೆ ತಡೆಯುವ ಕಬ್ಬಿಣದ ಜಾಲರಿ ಗಾರ್ಡನ್ನೂ ಬಿಚ್ಚಿ ಹಸಿರು ಪೇಂಟ್ ಹೊಡೆದು ಹಿಂದಿನ ಶೆಡ್ಡಿನಲ್ಲಿ ಇಟ್ಟಿದ್ದರು. ಹಬ್ಬದ ಮಳೆಗೆ ಅದು ಒಣಗಲೇ ಇಲ್ಲ. ರಜೆ ಮುಗಿದು ಬಾಗಿಲು ತೆಗೆದದ್ದು ಸೋಮವಾರ. ಏಳೂವರೆಗೆ ರಾಹುಕಾಲ ಶುರು. ಹಬ್ಬ ಕಳೆದ ಮೇಲೆ ಮೊದಲ ಪೀಸು ರಾಹುಕಾಲಕ್ಕೆ ಮುಂಚೆ ಬೀಳಬೇಕು ಅನ್ನುವುದು ಮಾಲೀಕರ ತಂದೆಯ ಕಾಲದಿಂದ ನಡೆದು ಬಂದದ್ದು. ಆಗ ಏಳೂ ಇಪ್ಪತ್ತು.

"ಸಾ, ಗಾರ್ಡ್ ಪೇಂಟು ಇನ್ನೂ ಕೈಗೆ ಅಂಟ್ತದೆ," ಅಂದರು ಪ್ರೆಸ್ ಅಣ್ಣ.

"ಇವತ್ತೊಂದಿನ ಓಡ್ಸು ಅಣ್ಣ. ನಾಳೆ ಹಾಕ್ಸಾನ," ಅಂದೆ.

ಮೊದಲ ಪೀಸು ರಾಹುಕಾಲಕ್ಕೆ ಮುಂಚೆಯೇ ಬಿತ್ತು. ಶಾಸ್ತ್ರಕ್ಕೆ ಅಷ್ಟು ಸಾಕಿತ್ತು. ನಾನು ನಿಲ್ಲಿಸು ಅನ್ನಲಿಲ್ಲ. ಮಾಲು ತುಂಬಲು ಲಾರಿ ಬಂದು ನಿಂತಿತ್ತು. ಪೂಜೆಯ ಹಾರ ಇನ್ನೂ ಮಿಷಿನ್ನಿನ ಕತ್ತಿನಲ್ಲೇ ಇತ್ತು. ಮೂವತ್ತೋ ನಲವತ್ತೋ ಪೀಸಾದ ಮೇಲೆ, ಮಿಷಿನ್ನು ಅದುರಿದ ರಭಸಕ್ಕೆ ಹಾರದಿಂದ ಒಂದು ಸೇವಂತಿಗೆ ಉದುರಿ ಅಚ್ಚಿನ ಮೇಲೆ ಬಿತ್ತು. ದೇವರ ಹೂವು ಅಪ್ಪಚ್ಚಿಯಾಗಬಾರದು ಅಂತ ಅವರ ಕೈ ಹೋಯಿತು. ಕಾಲು ಮಾತ್ರ ತನ್ನ ಲೆಕ್ಕಕ್ಕೆ ಪೆಡಲ್ ತುಳಿದಿತ್ತು. ಗಾರ್ಡ್ ಇದ್ದಿದ್ದರೆ ಹೂವು ನಜ್ಜುಗುಜ್ಜಾಗುತ್ತಿತ್ತು, ಅಷ್ಟೆ.

ಅವರನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ನಾನು ಅಪಘಾತದ ಪುಸ್ತಕ ತೆಗೆದು, "ಆಪರೇಟರ್ ತಾನೇ ಗಾರ್ಡ್ ಬಿಚ್ಚಿ ಅಜಾಗರೂಕತೆಯಿಂದ ಕೆಲಸ ಮಾಡಿದ್ದರಿಂದ" ಎಂದು ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ನನ್ನ ದುಂಡಕ್ಷರದಲ್ಲಿ ನಾನೇ ಬರೆದು ಸಹಿ ಮಾಡಿದೆ. ಈಗ ವಯಸ್ಸಾಯಿತು, ಇದನ್ನು ಮುಚ್ಚಿಟ್ಟು ಹೋಗಲು ಮನಸ್ಸಿಲ್ಲ.

ನಾಲ್ಕನೇ ದಿನ ಆಸ್ಪತ್ರೆಗೆ ಹೋದೆ. ನಾನು ಬರೆದದ್ದು ಅವರ ಕಿವಿಗೆ ಬಿದ್ದಿತ್ತು. ಅದರ ಮಾತೇ ತೆಗೆಯದೆ, "ಈಗ ಪ್ರೆಸ್ಸಲ್ಲಿ ಯಾರು ನಿಂತವ್ರೆ ಸಾ?" ಅಂದರು. ಹೇಳಿದೆ.

"ಗಾರ್ಡ್ ಆಕುದ್ರಾ?"

ಹಾಕಿರಲಿಲ್ಲ. ಇಲ್ಲ ಅಂದೆ. "ಓಗಿ ಸಾ, ಇಲ್ಯಾಕೆ ಕೂತಿದ್ದೀರಿ? ಮೊದ್ಲು ಅದ ಆಕ್ಸಿ," ಅಂದರು. ಬಸ್ಸು ಹತ್ತಿ ವಾಪಸ್ ಬಂದು, ಸ್ಪ್ಯಾನರ್ ಹಿಡಿದು, ನಾಲ್ಕೂ ಬೋಲ್ಟ್ ನಾನೇ ಬಿಗಿದೆ.

ತಿಂಗಳ ಮೇಲೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ವಿಚಾರಣೆಗೆ ಬಂದರು. ಪ್ರೆಸ್ ಅಣ್ಣ ಕಟ್ಟು ಹಾಕಿದ ಕೈಯಲ್ಲೇ ಬಂದು ನಿಂತು, "ಗಾರ್ಡ್ ನಾನು ಬಿಚ್ಚಲಿಲ್ಲ ಸಾ. ಒಣಗಾಕೆ ಇಟ್ಟಿದ್ರು. ಓಡ್ಸು ಅಂದ್ರು, ಓಡ್ಸ್ದೆ," ಅಂದರು.

"ಅಂದವರು ಯಾರು?"

"ಅಂದೋರು ಅವ್ರೇ ಏಳ್ಬೇಕು."

ಅದೇ ಕೋಣೆಯಲ್ಲಿ ನಾನು ಬಾಗಿಲ ಪಕ್ಕ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ಅವರೇ ನನ್ನ ಹತ್ತಿರ ಬಂದರು. "ನನ್ನ ಬಾಯಿಂದ ನಿಮ್ಮೆಸ್ರು ಬರಾಕಿಲ್ಲ ಸಾ. ಆದ್ರೆ ನಾನೇ ಬಿಚ್ಚ್ದೆ ಅಂತನೂ ಒಪ್ಪಾಕಿಲ್ಲ. ಇಪ್ಪತ್ತು ವರ್ಸ ನೆಟ್ಟಗೆ ಕೆಲ್ಸ ಮಾಡಿವ್ನಿ. ನಮ್ಮಪ್ಪ ಅಡ್ಡಾದಿಡ್ಡಿ ಆಳು ಅಂತ ಮಕ್ಕಳು ತಿಳ್ಕಬಾರ್ದು."

ಅವರು ಬೈದಿದ್ದರೆ ನಾನೂ ತಿರುಗಿ ಬೈದು ಸುಮ್ಮನಾಗಿಬಿಡುತ್ತಿದ್ದೆನೋ ಏನೋ. ಎರಡು ವಾರ ಒದ್ದಾಡಿದೆ. ಆಮೇಲೊಂದು ದಿನ ರಜೆ ಹಾಕಿ, ಮೈಸೂರಿನ ಇನ್‌ಸ್ಪೆಕ್ಟರ್ ಆಫೀಸಿಗೆ ಹೋಗಿ, ಓಡಿಸು ಅಂದವನು ನಾನೇ, ಪುಸ್ತಕದಲ್ಲಿ ಬರೆದದ್ದು ಸುಳ್ಳು ಎಂದು ಬರೆದುಕೊಟ್ಟು ಬಂದೆ. ಸೂಪರ್‌ವೈಸರ್ ಕೆಲಸ ಹೋಯಿತು, ಸ್ಟೋರಿಗೆ ಹಾಕಿದರು. ಪ್ರೆಸ್ ಅಣ್ಣನಿಗೆ ಬರಬೇಕಾದ ಪರಿಹಾರ ಬಂತು. ಗಾಯ ಮಾಗಿದ ಮೇಲೆ ಹೊಸಬರಿಗೆ ಕೆಲಸ ಕಲಿಸಲು ಅವರನ್ನೇ ಇಟ್ಟುಕೊಂಡರು.

ಮುಂದೆ ಪ್ರತಿ ಆಯುಧಪೂಜೆ ಕಳೆದ ಬೆಳಿಗ್ಗೆ ಅವರು ಎಲ್ಲರಿಗಿಂತ ಮುಂಚೆ ಬಂದು, ಹಾರ ತೆಗೆದು, ಗಾರ್ಡುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಸ್ವಿಚ್ ಹಾಕಲು ಬಿಡುತ್ತಿದ್ದರು. "ರಾವುಕಾಲ ಬಂದ್ರೆ ಬರ್ಲಿ, ಒಂದೂವರೆ ಗಂಟೆ ಕಾದ್ರೆ ಓಯ್ತದೆ," ಅನ್ನುವರು. ಮಾಲೀಕರೂ ಎದುರಾಡುತ್ತಿರಲಿಲ್ಲ. ನಾನಿದ್ದಷ್ಟು ಕಾಲ ಅಲ್ಲಿ ಇನ್ನೊಬ್ಬರ ಬೆರಳು ಹೋಗಲಿಲ್ಲ.

ರಿಟೈರಾಗಿ ಊರಿಗೆ ಹೋದ ಕೆಲವೇ ವರ್ಷಕ್ಕೆ ಅವರು ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ನಾನು ಹೋದೆ. ಅವರ ಮನೆಯವರ ಮುಂದೆ ನಾನು ಒಂದು ದಿನವೂ ನನ್ನ ತಪ್ಪು ಹೇಳಿಕೊಂಡಿರಲಿಲ್ಲ. ಚಪ್ಪರದ ಕೆಳಗೆ ಅವರ ಭಾವಮೈದ, "ಇವ್ರು ಯಾರು?" ಎಂದು ಕೇಳಿದ.

"ಆಪೀಸ್ಗೋಗಿ ದಿಟ ಬರ್ಕೊಟ್ರಲ್ಲ, ಅವ್ರೇ ಕಣಣ್ಣ," ಅಂದರು ಅವರ ಹೆಂಡತಿ.

ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ಗಾರ್ಡ್ ಇಲ್ದೆ ಓಡ್ಸು ಅಂದವನೂ ನಾನೇ."

"ಗೊತ್ತು. ಆಸ್ಪತ್ರೇಲೇ ಏಳುದ್ರು. ನೀನು ಕೇಳಾಕೋಗ್ಬ್ಯಾಡ, ಅವ್ರಾಗೇ ಏಳ್ಲಿ ಅಂದಿದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ಏಳುದ್ರಲ್ಲ. ಬನ್ನಿ, ಎಲೆ ಆಕವ್ರೆ."