ಆಷಾಢದಲ್ಲಿ ತುಂಬಿದ ಸಾಮ್ರಾಜ್ಯ

ವಿಜಯನಗರ ಸಾಮ್ರಾಜ್ಯದ ಮೂರರಲ್ಲೊಂದು ಪಾಲು ಜನರನ್ನು ಕೊಂದವನು ನಾನು. ಶತ್ರುಗಳು ವರ್ಷಗಟ್ಟಲೆ ಹೊಡೆದಾಡಿ ಕೆಡವಿದ ಸಾಮ್ರಾಜ್ಯವನ್ನು ನಾನು ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್ ಹಿಡಿದು ಖಾಲಿ ಮಾಡಿದೆ.

ಎಪ್ಪತ್ತರ ದಶಕದ ಮಾತು. ದುದ್ದದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಹೈಸ್ಕೂಲು ಮೇಷ್ಟ್ರು. ಮಕ್ಕಳಿಗೆ ರಾಜರ ಹೆಸರು ಉರು ಹೊಡೆಸಿ ಹೊಡೆಸಿ ತಲೆ ಕೆಟ್ಟಿತ್ತು. ಮೈಸೂರಿನ ಪ್ರಾಧ್ಯಾಪಕರೊಬ್ಬರು, ಸಾಮ್ರಾಜ್ಯದ ಜನಸಂಖ್ಯೆಯ ಏರಿಳಿತದ ಮೇಲೆ ಒಳ್ಳೆಯ ಪ್ರಬಂಧ ಬರೆದು ಮಂಡ್ಯದ ಸಭೆಯಲ್ಲಿ ಓದಿದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ಇನ್ನೇನು ಬೇಕು? ಆಗಲೇ ಡಾಕ್ಟರೇಟು ಬಂದವನ ಹಾಗೆ ಕನ್ನಡಿ ಮುಂದೆ ನಿಂತು ನಿಧಾನವಾಗಿ ಕನ್ನಡಕ ತೆಗೆಯುವುದನ್ನು ಅಭ್ಯಾಸ ಮಾಡತೊಡಗಿದೆ.

ಊರಿನ ಗುಡಿಯ ಮುಂದೆ ಆ ಕಾಲದ ಶಾಸನವೊಂದಿತ್ತು. ಊರಲ್ಲಿ ಎಷ್ಟು ಮನೆ ಎಂದು ಅದು ಹೇಳುತ್ತಿತ್ತು, ಮನೆಗೆ ಎಷ್ಟು ಜನ ಎಂದು ಹೇಳುತ್ತಿರಲಿಲ್ಲ. ಅದಕ್ಕೆ ನನ್ನದೇ ಉಪಾಯ ಕಂಡುಕೊಂಡೆ. ಈಗ ಗುಡಿಯ ಬೀದಿಯಲ್ಲಿ ಮನೆಗೆ ಎಷ್ಟು ಜನ ಇದ್ದಾರೋ ಅಷ್ಟರಿಂದ ಗುಣಿಸುವುದು. ಬೀದಿಯಿಂದ ಸಾಮ್ರಾಜ್ಯಕ್ಕೆ ಹಾರುವಾಗ ನಾನು ಕೆಳಗೆ ನೋಡಲೇ ಇಲ್ಲ.

ನಾನು ಬಾಡಿಗೆಗಿದ್ದ ಮನೆಯ ಒಡತಿ, ಗೌಡರ ಮನೆಯ ಅಜ್ಜಿ, ಮನೆ ಮನೆಗೂ ಕರೆದುಕೊಂಡು ಹೋದರು. ಅದು ಆಷಾಢ. ಮೊದಲನೆಯ ಮನೆಯಲ್ಲೇ ಯಜಮಾನಿ ಬೆರಳು ಮಡಚತೊಡಗಿದಳು.

"ಮಗ್ಳು ಬಂದವ್ಳೆ, ಬರ್ಕಳಿ. ಅವ್ಳ್ ಕೂಸು, ಅದ್ನೂ ಬರ್ಕಳಿ."

"ಸೊಸೆ?"

"ಅವ್ಳು ಅವ್ರವ್ವನ ಮನೇಗೋಗವ್ಳೆ. ಅಂಗಂತ ಬುಟ್ಬುಡಾಕಾಯ್ತದಾ? ನಮ್ಮನೆಯೋಳಲ್ವಾ? ಬರ್ಕಳಿ!"

ಬರೆದುಕೊಂಡೆ. ಎಲ್ಲ ಮನೆಯಲ್ಲೂ ಇದೇ ಕಥೆ. ಒಬ್ಬಾಕೆ ಹೋದ ವರ್ಷ ತೀರಿಕೊಂಡ ಮಾವನನ್ನೂ ಸೇರಿಸಲು ಹೊರಟಳು. ಅದನ್ನು ಮಾತ್ರ ಬಹಳ ವೈಜ್ಞಾನಿಕವಾಗಿ ನಿರಾಕರಿಸಿದೆ. ಮನೆಗೆ ಒಂಬತ್ತು ಜನ ಬಂದರು. ಸಾಮ್ರಾಜ್ಯ ತುಂಬಿ ತುಳುಕಿತು.

ಕಾರ್ತಿಕದಲ್ಲಿ ಅಜ್ಜಿಯ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದಾಗ ಅದರಲ್ಲೂ ಅಕ್ಷರ ಕಂಡವು. ಗುಡಿಯದಕ್ಕಿಂತ ನೂರು ವರ್ಷ ಈಚಿನ ಶಾಸನ, ಅಷ್ಟೇ ಸಂಖ್ಯೆಯ ಮನೆಗಳು. ಹಳೆಯ ಲೆಕ್ಕವನ್ನೇ ಹಾಕಿದ್ದರೆ ಬದುಕುತ್ತಿದ್ದೆ. ಆದರೆ ನಾನು ಶಿಸ್ತಿನ ಮನುಷ್ಯ. ಹೊಸ ಕಲ್ಲಿಗೆ ಹೊಸ ಎಣಿಕೆ ಎಂದು ಅದೇ ಬೀದಿಯನ್ನು ಮತ್ತೆ ಸುತ್ತಿದೆ. ಈ ಸಲ ಮನೆಗೆ ಆರೇ ಜನ. ಅದರಲ್ಲೂ ಕಡಿಮೆಯಾದವರೆಲ್ಲ ಎಳೆ ವಯಸ್ಸಿನ ಹೆಂಗಸರು ಮತ್ತು ಕೂಸುಗಳು. ಇದನ್ನು ಕಂಡು ನನಗೆ ಆದ ಖುಷಿ ಹೇಳತೀರದು. ಇತಿಹಾಸದಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ದುರಂತ ನನ್ನ ಕೈಗೆ ಸಿಕ್ಕಿತ್ತು.

ಸಭೆಗೆ ಅಜ್ಜಿಯನ್ನೂ ಕರೆದುಕೊಂಡು ಹೋದೆ. ಎಲ್ಲರ ಎದುರಿಗೆ ಅವರಿಗೆ ವಂದನೆ ಹೇಳುವ ಆಸೆ, ನನ್ನ ಪ್ರತಾಪ ಊರಿಗೆ ಮುಟ್ಟಿಸಲು ಒಬ್ಬರು ಸಾಕ್ಷಿ ಬೇಕೆಂಬ ಆಸೆ ಅದಕ್ಕಿಂತ ದೊಡ್ಡದು. ಅಜ್ಜಿ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು.

ಓದಿ ಮುಗಿಸಿದಾಗ ಪ್ರಾಧ್ಯಾಪಕರು ಕೇಳಿದರು: "ಒಂದೇ ಶತಮಾನದಲ್ಲಿ ಅಷ್ಟು ಜನ ಎಲ್ಲಿ ಹೋದರು?"

ಅಭ್ಯಾಸ ಮಾಡಿದ್ದಂತೆ ಕನ್ನಡಕ ತೆಗೆದೆ. "ಮಹಾಮಾರಿ ಸಾರ್. ಬಾಣಂತಿಯರನ್ನೂ ಹಸುಗೂಸುಗಳನ್ನೂ ಆರಿಸಿ ಆರಿಸಿ ಕೊಂದ ಮಹಾಮಾರಿ. ಎಲ್ಲರೂ ಸತ್ತರು." ಕನ್ನಡಕವನ್ನು ನಿಧಾನವಾಗಿ ಒರೆಸಿಕೊಂಡೆ.

ಅಜ್ಜಿ ಎದ್ದು ನಿಂತರು. "ಯಾರ್ ಸತ್ರು ಮೇಷ್ಟ್ರೇ? ಬುಡ್ತು ಅನ್ನಿ! ಆಸಾಡದಲ್ಲಿ ತವರ್ಗೆ ಬಂದಿದ್ರು, ಈಗ ಗಂಡನ್ ಮನೇಗೋಗವ್ರೆ. ಒಬ್ರೂ ಸತ್ತಿಲ್ಲ!"

ಸಭೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಕ್ಕರು ನೋಡಿ, ಕುರ್ಚಿಗಳೂ ಸೇರಿ ನಕ್ಕಂತಾಯಿತು. ಮನೆಯಲ್ಲಿದ್ದ ಮಗಳು ಒಂದು, ಮನೆಯಲ್ಲಿಲ್ಲದ ಸೊಸೆ ಒಂದು! ಊರೂರಿನಲ್ಲಿ ಒಬ್ಬೊಬ್ಬ ಹೆಂಗಸನ್ನೂ ಎರಡೆರಡು ಕಡೆ ಹುಟ್ಟಿಸಿ, ಕಾರ್ತಿಕದಲ್ಲಿ ಬಲಿ ಕೊಟ್ಟಿದ್ದೆ. ಪ್ರಾಧ್ಯಾಪಕರು ಕಣ್ಣೊರೆಸಿಕೊಳ್ಳುತ್ತಾ, "ಏನ್ರೀ, ನಿಮಗೆ ಅಕ್ಕತಂಗಿಯರಿಲ್ಲವೇ?" ಎಂದರು. ಇದ್ದಳು. ಅದೇ ಆಷಾಢದಲ್ಲಿ ತಂಗಿ ಮದ್ದೂರಿನ ನಮ್ಮ ಮನೆಗೆ ಬಂದಿದ್ದಳು. ಅಲ್ಲಿಗೆ ಹೋದಾಗ ಅವಳ ಟ್ರಂಕು ಎಡವಿ ನನ್ನ ಹೆಬ್ಬೆರಳು ಊದಿತ್ತು. ಪ್ರಾಧ್ಯಾಪಕರು ಪ್ರಬಂಧವನ್ನು ಮಡಚಿ ಕೈಗೆ ಕೊಟ್ಟು, ಮೇಷ್ಟ್ರ ಕೆಲಸವೇನೂ ಕೆಟ್ಟದ್ದಲ್ಲ ಎಂದು ಕಳಿಸಿದರು.

ವಾಪಸು ಬಸ್ಸಿನಲ್ಲಿ ನಾನು ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ಅಜ್ಜಿಯ ಮೇಲೆ ಕೆಂಡದಂಥ ಕೋಪ. ಸುಮ್ಮನೆ ಕೂತಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಊರು ಹತ್ತಿರ ಬಂದಾಗ ಅವರೇ ಮಾತೆತ್ತಿದರು.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ನೀವು ಎಲ್ಲಾ ಸತ್ರು ಅಂದ್ರಲ್ಲ, ಕೂತಿರಾಕ್ ಆಗ್ನಿಲ್ಲ ಕಣಪ್ಪ. ಆ ಲೆಕ್ಕದಲ್ಲಿ ನನ್ ಮಗ್ಳೂ ಮೊಮ್ಮಗೂನೂ ಅವ್ರೆ."

ನಾನೇ ಅವರ ಹೆಸರನ್ನು ಬರೆದುಕೊಂಡಿದ್ದೆ. ಸಂಶೋಧನೆಯ ಜಾಗ ಹೋದ ದುಃಖ ಅಲ್ಲೇ ನಿಂತುಹೋಗಿ, ಹೇಳಲಾರದಷ್ಟು ನಾಚಿಕೆಯಾಯಿತು. "ತಪ್ಪಾಯ್ತು ಅಜ್ಜಿ, ಬಿಡ್ತು" ಎಂದೆ.