ಓಮಾ ಮನೆಯ ತಟ್ಟೆ

ನಾನು ಚಿಕ್ಕವಳಿದ್ದಾಗ ನಿಂತಲ್ಲಿ ನಿಂತವಳಲ್ಲ. ಅದಕ್ಕೇ ಡಚ್ಚರ ಊರಾದ ಹಾರ್ಲೆಮ್‌ನ ನಮ್ಮ ಬೀದಿಯಲ್ಲಿ ತಟ್ಟೆ, ಡಬ್ಬಿ ಸಾಗಿಸುವ ಕೆಲಸವೆಲ್ಲ ನನ್ನದೇ. ಇಂಟರ್ನೆಟ್ ಅಪ್ಪನ ಆಫೀಸಿನಲ್ಲಿ ಮಾತ್ರ ಇದ್ದ ಕಾಲ ಅದು. ಅಮ್ಮನಿಗೆ ಆ ಊರಿನಲ್ಲಿದ್ದ ಗೆಳತಿ ಒಬ್ಬರೇ, ಪಕ್ಕದ ಮನೆಯ ಯಹೂದಿ ಅಜ್ಜಿ. ಡಚ್ ಮಕ್ಕಳು ಅಜ್ಜಿಯನ್ನು ಕರೆಯುವಂತೆ ನಾನೂ ಅವರನ್ನು ಓಮಾ ಎನ್ನುತ್ತಿದ್ದೆ. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಡಚ್ ಬಾರದು. ನಡುವೆ ನಾನು.

ಒಂದು ವಸಂತದ ಬೆಳಗ್ಗೆ, ತಮ್ಮ ಹಬ್ಬವೆಂದು ಓಮಾ ನೀಲಿ ಹೂವಿನ ತಟ್ಟೆಯಲ್ಲಿ ಮಾಟ್ಸಾ ಕೊಟ್ಟರು. ತೆಳ್ಳಗಿನ, ಅಲ್ಲಲ್ಲಿ ಕಂದು ಚುಕ್ಕೆಯಾಗಿ ಸುಟ್ಟ, ಉಪ್ಪೂ ಇಲ್ಲದ ಗರಿಗರಿ ರೊಟ್ಟಿ.

"ಅಯ್ಯೋ ಪಾಪ, ಹಬ್ಬದ ದಿನ ಇದನ್ನಾ ತಿನ್ನೋದು!" ಎಂದು ಅಮ್ಮ ಮರುಗಿದಳು. ಖಾಲಿ ತಟ್ಟೆ ಹಿಂದಿರುಗಿಸುವುದು ನಮ್ಮಲ್ಲಿ ಉಂಟೇ? ಕಲಸಿ ನೆನೆಯಲು ಇಟ್ಟಿದ್ದ ಗೋಧಿ ಹಿಟ್ಟು ಲಟ್ಟಿಸಿ, ಗುಂಡಗೆ ಉಬ್ಬಿದ ಪೂರಿ ಕರಿದು, ಅದೇ ತಟ್ಟೆ ತುಂಬಿಸಿದಳು. "ಓಡು, ಆರೋದ್ರೊಳಗೆ ಕೊಟ್ಟು ಬಾ."

ಪೂರಿ ಕಂಡದ್ದೇ ಓಮಾ ಬಾಗಿಲಿಗೆ ಕೈ ಅಡ್ಡ ಹಿಡಿದರು. "ಒಳಗೆ ಬೇಡ ಮಗು, ಒಳಗೆ ಬೇಡ!" ಅವರೇ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. ಗಾಳಿ ಕೊರೆಯುತ್ತಿತ್ತು, ಪೂರಿ ಘಮಘಮಿಸುತ್ತಿತ್ತು, ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ನಮ್ಮ ಹಿರಿಯರು ಗುಲಾಮಗಿರಿ ಬಿಟ್ಟು ಓಡಿದಾಗ ಹಿಟ್ಟು ಹುದುಗು ಬರೋಕೂ ಕಾಯಲಿಲ್ಲ" ಎಂದರು ಓಮಾ. "ಮುಂದೇನು ಅಂತ ಗೊತ್ತಿಲ್ಲದೆ ದೇವರನ್ನ ನಂಬಿ ಹೊರಟರು. ಅದಕ್ಕೇ ನಮ್ಮ ಜ್ಞಾನಿಗಳು ಮಾಟ್ಸಾನ ನಂಬಿಕೆಯ ರೊಟ್ಟಿ ಅಂತಾರೆ. ಹುದುಗು ಬಂದು ಉಬ್ಬಿದ ಹಿಟ್ಟು ನಾನು, ನಾನು ಅನ್ನತ್ತೆ. ಮಾಟ್ಸಾ ಸುಮ್ಮನಿರತ್ತೆ. ನೀರು ಹಾಕಿ ಕಲಸಿಟ್ಟ ಗೋಧಿ ಹಿಟ್ಟೂ ನಮಗೆ ಹುದುಗು ಬಂದ ಹಾಗೇ. ಈ ಹಬ್ಬದಲ್ಲಿ ಉಬ್ಬಿದ್ದೇನೂ ಮನೆಯೊಳಗೆ ಬರೋ ಹಾಗಿಲ್ಲ, ಮನಸ್ಸಿನೊಳಗೂ ಇರಬಾರದು. ತಟ್ಟೆ ನಿಮ್ಮಲ್ಲೇ ಇರಲಿ. ಹಬ್ಬ ಮುಗಿದ ಮೇಲೆ ನಾನೇ ಬರ್ತೀನಿ."

ಪೂರಿ ಸಮೇತ ಹಿಂದಿರುಗಿ ನಾನು ಎಲ್ಲ ಹೇಳಿದರೂ ಅಮ್ಮನಿಗೆ ಸಮಾಧಾನವಾಗಲಿಲ್ಲ. "ಬಾಗಿಲಿಂದಲೇ ವಾಪಸ್ ಕಳಿಸಿದ್ರಾ? ಹಬ್ಬದ ದಿನ ಮೈಲಿಗೆ ಮಾಡಿಬಿಟ್ಟೆನಲ್ಲೇ! ಇನ್ನು ಅವರು ನಮ್ಮನೆ ಕಡೆ ತಲೆ ಹಾಕ್ತಾರಾ?"

"ಬರ್ತಾರೆ ಬಿಡೇ" ಎಂದ ಅಪ್ಪನ ಮಾತು ಅವಳ ಕಿವಿಗೇ ಬೀಳಲಿಲ್ಲ. ಆ ವಾರವಿಡೀ ಅಮ್ಮ ತಟ್ಟೆಯನ್ನು ತೊಳೆದಳು, ಒರೆಸಿದಳು, ಕಿಟಕಿಯಲ್ಲಿಟ್ಟಳು, ಮತ್ತೆ ತೊಳೆದಳು. ಸೈಕಲ್ ಗಂಟೆ ಕೇಳಿದರೂ ಇಬ್ಬರೂ ಬಾಗಿಲಿಗೆ ಓಡುತ್ತಿದ್ದೆವು.

ಕೊನೆಗೂ ಓಮಾ ಬಂದರು. ಅಮ್ಮ ಅಳುತ್ತಲೇ ಪೂರಿ ಕರಿದಳು. ಓಮಾ ಒಂದರ ಹೊಟ್ಟೆಗೆ ಬೆರಳು ಚುಚ್ಚಿದರು. ಬುಸ್ಸೆಂದು ಹಬೆ ಹೋಗಿ ಅದು ಚಪ್ಪಟೆಯಾಯಿತು. "ನೋಡು, ಇದರ ಜಂಬವೂ ಇಳೀತು" ಎಂದು ನಕ್ಕು, ತಟ್ಟೆ ಖಾಲಿಯಾಗುವವರೆಗೂ ತಿಂದರು.

ಮಕ್ಕಳೇ, ನಿಮಗೀಗ ಊಟವನ್ನು ಯಾರೋ ಬಾಗಿಲಲ್ಲಿಟ್ಟು ಹೋಗುತ್ತಾರೆ. ತಿಂದ ಡಬ್ಬಿ ಕಸಕ್ಕೆ ಹೋಗುತ್ತದೆ. ಅದನ್ನು ಹಿಂದಿರುಗಿಸಬೇಕೆಂಬ ಚಡಪಡಿಕೆ ನಿಮಗೆಲ್ಲಿ? ಏಳಿ, ನಿನ್ನೆ ಪಕ್ಕದ ಮನೆಯವರು ಸೂಪ್ ಕೊಟ್ಟ ಬಟ್ಟಲು ಇನ್ನೂ ಇಲ್ಲೇ ಇದೆ. ಖಾಲಿ ಕೊಡುವುದು ಬೇಡ. ಅವರು ಏನು ತಿನ್ನುತ್ತಾರೆಂದು ಮೊದಲು ಕೇಳಿಕೊಂಡು ಬನ್ನಿ.